ಒಡೆಯದ ಮೊಟ್ಟೆ

ನನ್ನ ಮೊಮ್ಮಗಳು ಆತಿಮ್ ಹುಟ್ಟಿದ್ದೂ ಬೆಳೆದದ್ದೂ ಗುಲು ಪಟ್ಟಣದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ. ಅವಳ ತಾಯಿ ಅಲ್ಲೇ ತೀರಿಕೊಂಡಳು. ಯುದ್ಧ ಮುಗಿದು ನಾವು ಊರಿಗೆ ಮರಳಿ ಗುಡಿಸಲು ಕಟ್ಟಿಕೊಂಡ ಮೇಲೂ ಕಾಳು ಲಾರಿಯಲ್ಲಿ ಬರುತ್ತದೆ ಎಂದೇ ಅವಳ ನಂಬಿಕೆ. ನಾನು ರಾಗಿ ಬಿತ್ತುತ್ತಿದ್ದರೆ, ಒಳ್ಳೆ ಕಾಳನ್ನು ಯಾಕೆ ಮಣ್ಣುಪಾಲು ಮಾಡುತ್ತೀ ಎಂದು ನನಗೇ ಬುದ್ಧಿ ಹೇಳಿದ ಮಹಾತಾಯಿ.

ಅವಳ ಅಣ್ಣ ಒಪಿರನನ್ನು ಬಂಡುಕೋರರು ಕಾಡಿಗೆ ಎಳೆದೊಯ್ದಾಗ ಅವಳಿನ್ನೂ ಹುಟ್ಟಿರಲಿಲ್ಲ. ಅವನು ಬದುಕಿದ್ದಾನೆ, ಬರುತ್ತಾನೆ ಎಂದು ಸುದ್ದಿ ಬಂದಾಗ ನಾನು ಗೋಳೋ ಎಂದು ಅತ್ತೆ. ಆದರೆ ಕಾಡಿನಿಂದ ಬಂದವರು ಸೀದಾ ಒಳಗೆ ಬರುವಂತಿಲ್ಲ. ಅಂಗಳದ ಬಾಯಲ್ಲಿ ಹಸಿ ಮೊಟ್ಟೆ ಇಡಬೇಕು, ಅವರು ಅದನ್ನು ತುಳಿದು ಒಡೆಯಬೇಕು, ಹೊರಗಿನ ಕೆಟ್ಟದ್ದೆಲ್ಲ ಅಲ್ಲೇ ಉಳಿಯಬೇಕು. ತುಳಿಯದವನ ಜೊತೆ ಯಾರೂ ಉಣ್ಣುವುದಿಲ್ಲ.

ನಮಗಿದ್ದದ್ದು ಒಂದೇ ಕೋಳಿ. ಅದರ ಮೊಟ್ಟೆಯನ್ನು ಆತಿಮ್ ಕೈಗೆ ಕೊಟ್ಟು, ಒಡೆಯದಂತೆ ನೋಡಿಕೋ ಎಂದು ಹೇಳಿ ಹೊಲಕ್ಕೆ ಹೋದೆ.

ಸಂಜೆ ಒಪಿರ ಬಂದ. ಹಾಲುಗಲ್ಲದ ಹುಡುಗನಾಗಿ ಹೋದವನಿಗೆ ಮೀಸೆ ಬಂದಿತ್ತು. ನನ್ನ ಭಾವ ಒಬ್ವೋನ, ಮನೆತನಕ್ಕೆ ಹಿರಿಯರು, ಮೊಟ್ಟೆ ಇಟ್ಟು ತುಳಿ ಎಂದರು. ತುಳಿದ. ಚಿಪ್ಪು ಬಿರುಕು ಬಿಟ್ಟಿತಷ್ಟೆ. ಮೊಟ್ಟೆ ಪಾದದಡಿಯಿಂದ ಜಾರಿ ಹುಲ್ಲಿಗೆ ಉರುಳಿತು. ಒಳಗೆ ಬೆಂದ ಬಿಳಿ ಕಾಣುತ್ತಿತ್ತು.

ಎಲ್ಲರೂ ಆತಿಮ್ ಕಡೆ ತಿರುಗಿದರು.

"ಒಡೀಬಾರ್ದು ಅಂದ್ಯಲ್ಲಜ್ಜಿ, ಅದಕ್ಕೇ ಬೇಯಿಸಿಟ್ಟೆ," ಎಂದಳು.

ಶಿಬಿರದಲ್ಲಿ ಬುಟ್ಟಿ ಹೊತ್ತು ಮಾರುತ್ತಿದ್ದದ್ದು ಬೇಯಿಸಿದ ಮೊಟ್ಟೆಯನ್ನೇ. ಪಾಪ, ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಭಾವ ಮುಖ ಗಂಟಿಕ್ಕಿದರು. ಇದು ಅಪಶಕುನ, ಮನೆಯೇ ಇವನನ್ನು ಒಲ್ಲೆ ಅಂದಿದೆ, ಪಟ್ಟಣದಲ್ಲೇ ಎಲ್ಲಾದರೂ ಇರಲಿ ಎಂದರು. ಒಪಿರ ತುಟಿ ಬಿಚ್ಚದೆ ಚೀಲ ಎತ್ತಿಕೊಂಡ. ಹೇಳಿದ್ದನ್ನು ಕೇಳುವುದನ್ನು ಅವನಿಗೆ ಕಾಡಿನಲ್ಲಿ ಚೆನ್ನಾಗಿಯೇ ಕಲಿಸಿದ್ದರು.

"ಶಕುನನೂ ಇಲ್ಲ, ಗಿಕುನನೂ ಇಲ್ಲ ಭಾವ," ಎಂದೆ. "ನಾಳೆ ಕೋಳಿ ಇನ್ನೊಂದು ಇಡತ್ತೆ. ಅಲ್ಲೀವರೆಗೂ ಇವನ ಜೊತೆ ನಾನೂ ಹೊರಗೇ ಇರ್ತೀನಿ."

ಒಲೆಯ ಕಲ್ಲುಗಳನ್ನು ಹೊತ್ತು ತಂದು ಅಂಗಳದಾಚೆ ಮರದಡಿ ಹೂಡಿ, ಮುದ್ದೆ ತೊಳಸಲು ಕುಳಿತೆ. ಅಷ್ಟರಲ್ಲಿ ಆತಿಮ್ ಆ ಮೊಟ್ಟೆಯ ಮಣ್ಣು ಒರೆಸಿ, ಸುಲಿದು ಅಣ್ಣನಿಗೆ ಚಾಚಿದಳು. ಅವನು ಎರಡು ಪಾಲು ಮಾಡಿ ಒಂದನ್ನು ಅವಳಿಗೇ ಕೊಟ್ಟ. ಅವನ ಜೊತೆ ಉಣ್ಣಬಾರದೆಂದು ಅವಳಿಗೆ ಯಾರು ಹೇಳಿದ್ದರು? ಇಬ್ಬರೂ ಅಕ್ಕಪಕ್ಕ ಕುಳಿತು ತಿಂದರು. ಭಾವ ಅದನ್ನು ನೋಡುತ್ತ ನಿಂತು, ಕೆಮ್ಮಿ, ಒಳಗೆ ಹೋದರು.

ಬೆಳಿಗ್ಗೆ ಹೊಸ ಮೊಟ್ಟೆಯನ್ನು ಅವರೇ ತಂದರು. ಆ ಹುಡುಗಿಯ ಕೈಗೆ ಮಾತ್ರ ಕೊಡಬೇಡ ಎಂದು ನನಗೆ ಎಚ್ಚರಿಕೆ ಬೇರೆ.

ಒಪಿರ ಕಾಲೆತ್ತಿದ. ಆತಿಮ್ ನನ್ನ ಸೆರಗು ಜಗ್ಗಿದಳು.

"ಅಜ್ಜಿ, ನಾನೂ ಹೊರಗೇ ಹುಟ್ಟಿದ್ದಲ್ವಾ? ನಂಗ್ಯಾಕೆ ಮೊಟ್ಟೆ ಇಡ್ಲಿಲ್ಲ?"

ಭಾವ ಅವಳ ಕೈ ಹಿಡಿದು ಕರೆತಂದರು.

"ಅಣ್ಣನ ಪಾದದ ಮೇಲೆ ಕಾಲಿಡು ಮಗಾ," ಎಂದರು.

ಎರಡು ಕಾಲೂ ಒಟ್ಟಿಗೆ ಇಳಿದವು. ಮೊಟ್ಟೆ ಒಡೆದು ಮಣ್ಣಿಗೆ ಹರಿಯಿತು. ಆತಿಮ್ ಅಂಗಳದ ನಡುವಿಗೆ ಓಡಿ ನಿಂತಳು.

"ಹಂಗಾದ್ರೆ ಇನ್ನು ಶಿಬಿರಕ್ಕೆ ವಾಪಸ್ ಹೋಗೋದಿಲ್ವಾ?"

"ಇಲ್ಲ," ಎಂದ ಒಪಿರ.

ಬಂದ ಮೇಲೆ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.