ಮಿತ್ಸು ಅಜ್ಜಿಯ ಗದ್ದೆಯ ತೂಬು

ಬೆಳಿಗ್ಗೆ ಚಿಜುರು ಮಿತ್ಸು ಅಜ್ಜಿಯ ಗದ್ದೆಯ ತೂಬಿನ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದುದನ್ನು ಅವಳ ಅಪ್ಪ ಶಿಗೆನೊಬು ಮೇಲಿನ ಬದುವಿನಿಂದ ಕಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಗದ್ದೆಯಲ್ಲಿ ನೀರಿರಲಿಲ್ಲ. ತೂಬಿನ ಹಲಗೆ ಹುಲ್ಲಿನ ಮೇಲೆ ಬಿದ್ದಿತ್ತು.

ಹುಡುಗಿ ಸುಧಾರಣಾ ಶಾಲೆಯಿಂದ ಮನೆಗೆ ಬಂದು ಎಂಟು ದಿನ. ಹೋದ ವರ್ಷ ಗೆಳೆಯರ ಜೊತೆ ಯಾರದೋ ಮೋಟಾರ್ ಸೈಕಲ್ ಕದ್ದು ಕಾಲುವೆಗೆ ನೂಕಿದ್ದಳು. ಶುಕ್ರವಾರ ಅವಳ ಮೇಲೆ ಕಣ್ಣಿಡುವ ಮೇಲ್ವಿಚಾರಕರು ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾರೆ. ಒಂದು ದೂರು ಸಿಕ್ಕರೂ ಅವಳು ಮತ್ತೆ ಒಳಗೆ.

ಶಿಗೆನೊಬು ಮಗಳನ್ನು ಏನೂ ಕೇಳಲಿಲ್ಲ. ನಮ್ಮ ಕಣಿವೆಯಲ್ಲಿ ಮಕ್ಕಳು ತಪ್ಪು ಮಾಡಿದರೆ, ದೂರು ಬರುವ ಮುಂಚೆಯೇ ಹೆತ್ತವರು ಹೋಗಿ ತಲೆಬಾಗಬೇಕು. ತಡವಾದಷ್ಟೂ ತಪ್ಪು ಬೆಳೆಯುತ್ತದೆ. ಅವನು ಪೇಟೆಗೆ ಹೋಗಿ ಹೂರಣದ ಸಿಹಿಯ ಡಬ್ಬಿ ತಂದ, ಬಿಳಿ ಅಂಗಿ ತೊಟ್ಟ.

“ಏಳು, ಕೂದಲು ಕಟ್ಕೋ.”

“ಎಲ್ಲಿಗಪ್ಪ?”

“ಬಾ ಅಂದ್ರೆ ಬಾ.”

ಮಿತ್ಸು ಅಜ್ಜಿ ತನ್ನ ಮನೆಯ ಜಗಲಿಯಲ್ಲಿ ಕೂತು ಸೌತೆಕಾಯಿಗೆ ಉಪ್ಪು ತಿಕ್ಕುತ್ತಿದ್ದಳು. ಶಿಗೆನೊಬು ಡಬ್ಬಿಯನ್ನು ಅವಳ ಮುಂದಿಟ್ಟು, ಅಂಗಳದಲ್ಲಿ ಮಂಡಿಯೂರಿ, ಒಂದು ಕೈಯಿಂದ ಮಗಳ ಕತ್ತನ್ನೂ ಬಗ್ಗಿಸಿದ.

“ಏನೋ ಇದು ಶಿಗೆ, ಹಬ್ಬಕ್ಕಿನ್ನೂ ತಿಂಗಳಿದೆ!”

“ನಿಮ್ಮ ತೂಬು... ನನ್ನ ಮಗಳಿಂದ ತಪ್ಪಾಯ್ತು, ಅಜ್ಜಿ.”

“ತೂಬಾ? ನಾನೇ ತೆಗ್ದಿದ್ದು! ಈ ಸಲ ಬೇಗ ನಾಟಿ ಮಾಡ್ಸಿದೆ, ತೆನೆ ಬರೋ ಮುಂಚೆ ನೀರು ಬಿಟ್ಟು ಗದ್ದೆ ಒಣಗಿಸೋದೂ ಬೇಗ. ಮುದುಕಿ ಗದ್ದೆ ಊರಿಗೇ ಕಡೇದು ಅಂತ ನಗ್ತಿದ್ರಲ್ಲ, ಈಗ ನಗಿ.”

ಅಜ್ಜಿ ನಗು ನಿಲ್ಲಿಸಿ ಉಪ್ಪಿನ ಕೈ ಒರೆಸಿಕೊಂಡಳು. ಡಬ್ಬಿಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

“ಹೆತ್ತಪ್ಪನೇ ಹೀಗಂದ್ಮೇಲೆ... ಮೊನ್ನೆ ನಮ್ಮ ಕುಡುಗೋಲು ಕಾಣೆಯಾಯ್ತು. ಅದೂ ಇವಳೇನಾ? ಶುಕ್ರವಾರ ಅವ್ರು ಕೇಳಿದ್ರೆ ನಾನೇನು ಹೇಳ್ಲಿ?”

ಶಿಗೆನೊಬು ಡಬ್ಬಿಯ ಕಡೆ ನೋಡಿದ. ಕೊಟ್ಟ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

“ಅಪ್ಪನೇ ಮಗಳನ್ನ ಒಂದು ಮಾತೂ ಕೇಳ್ದೆ ಎಳ್ಕೊಂಡು ಬಂದ ಅಂತ ಹೇಳಿ. ದೂರು ನನ್ನ ಮೇಲೇ ಕೊಡಿ.” ಅವನು ಮಗಳ ಕಡೆ ತಿರುಗಿ ಹಣೆಯನ್ನು ಮಣ್ಣಿಗೆ ಹಚ್ಚಿದ.

“ಎದ್ದೇಳಪ್ಪ. ಬಿಳಿ ಅಂಗಿ ಹಾಳಾಗತ್ತೆ,” ಎಂದಳು ಚಿಜುರು.

ಅಜ್ಜಿ ಬಹಳ ಹೊತ್ತು ಉಪ್ಪು ತಿಕ್ಕಿದಳು. “ತೂಬು ತೆಗ್ದಿದ್ದು ನಾನು. ಅಷ್ಟು ಹೇಳ್ತೀನಿ,” ಎಂದಳು. ಕುಡುಗೋಲಿನ ಮಾತು ಎತ್ತಲಿಲ್ಲ.

ಮನೆಗೆ ಹಿಂದಿರುಗುವಾಗ ಬದುವಿನ ಮೇಲೆ ಅಪ್ಪ ಮೆಲ್ಲಗೆ ಕೇಳಿದ. “ಬೆಳಿಗ್ಗೆ ಅಲ್ಲೇನು ಮಾಡ್ತಿದ್ದೆ?”

“ಈಗ ಕೇಳ್ತೀಯಾ?”

ಅವಳು ಮುಂದೆ ನಡೆದಳು. ಮತ್ತೆ ಅನುಮಾನಿಸಬಾರದು, ನೋಡಬಾರದು ಅಂದುಕೊಂಡರೂ ಅವನ ಕಣ್ಣು ಅವಳ ಉಬ್ಬಿದ ಜೇಬಿನ ಮೇಲೆಯೇ ಇತ್ತು.