ಎಪ್ಪತ್ತೊಂದನೇ ಲೆವೆಲ್ಲಿನ ಅಬೊನ್ಯೊ

ಹೊಸದಾಗಿ ಕತ್ತಿಯ ಆಟಕ್ಕೆ ಕೂರುವವರಿಗೆ ಬುದ್ಧಿ ಹೇಳುವುದರಲ್ಲಿ ಕಿಸುಮು ಪಟ್ಟಣದಲ್ಲೇ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕೊಂಡೆಲೆ ಸರ್ಕಲ್ಲಿನ ಹಿಂದೆ ತಗಡಿನ ಮಾಡಿನ ಒಂದು ಕೋಣೆ, ನಾಲ್ಕು ಟಿ.ವಿ., ಗುಂಡಿ ಒತ್ತಿ ಆಡುವ ಎಂಟು ಪ್ಯಾಡು, ತಿರುಗಿದರೆ ತಿರುಗಿತು ಇಲ್ಲದಿದ್ದರೆ ಇಲ್ಲ ಎನ್ನುವ ಒಂದು ಫ್ಯಾನು. ಅದೇ ನನ್ನ ಗೇಮ್ ಅಂಗಡಿ. ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಫುಟ್‌ಬಾಲ್ ಆಡಿ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡು ಹೋಗುವವರು. ಮೂಲೆಯ ನಾಲ್ಕನೇ ಟಿ.ವಿ. ಮಾತ್ರ ಕತ್ತಿಯ ಆಟದವರದು. ಅದರಲ್ಲಿ ನಿಮ್ಮದೊಂದು ಪಾತ್ರ ಮಾಡಿಕೊಂಡು, ಅದಕ್ಕೊಂದು ಹೆಸರಿಟ್ಟು, ಕಾಡು ಕೋಟೆ ಅಲೆದು, ದೈತ್ಯರನ್ನು ಹೊಡೆದು, ಒಂದೊಂದೇ ಲೆವೆಲ್ ಏರಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಎಲ್ಲರ ಪಾತ್ರಗಳೂ ಆ ಟಿ.ವಿ.ಗೆ ಸಿಕ್ಕಿಸಿದ ಒಂದೇ ಗೇಮ್ ಪೆಟ್ಟಿಗೆಯಲ್ಲಿ ಸೇವ್ ಆಗಿರುತ್ತವೆ. ಒಬ್ಬೊಬ್ಬರದು ಒಂದೊಂದು ಸಾಲು: ಹೆಸರು, ಲೆವೆಲ್, ಆಡಿದ ಗಂಟೆ.

ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಒಸೆವೆ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಟೋಪಿ ತೆಗೆದರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಮ್ಮೂರಿನ ಮಟಾಟು ವ್ಯಾನುಗಳ ಅರ್ಧಕ್ಕರ್ಧ ಡ್ರೈವರುಗಳು ಅವರಿಂದ ಬೈಸಿಕೊಂಡೇ ಕಲಿತವರು. ಅವರ ಮಗಳು ಅಪೊಂಡಿ ತೀರಿಕೊಂಡು ಆಗ ಆರು ವಾರವಾಗಿತ್ತು. ಇಪ್ಪತ್ತಮೂರು ವಯಸ್ಸು. ಹುಟ್ಟಿದಾಗಿನಿಂದ ರಕ್ತದ ಕಾಯಿಲೆ, ನೋವು ಬಂದರೆ ಎಲುಬು ಎಲುಬನ್ನೂ ಹಿಂಡುತ್ತಿತ್ತು. ಮೂಲೆಯ ಟಿ.ವಿ. ಎರಡು ವರ್ಷ ಅವಳದೇ ಎನ್ನುವ ಹಾಗಿತ್ತು.

"ಅವುವೊರ್, ಮಗಳೇ, ಅವಳ ಆಟ ಇನ್ನೂ ಇದೆಯಾ?" ಎಂದು ನನ್ನ ಹೆಸರು ಹಿಡಿದು ಕೇಳಿದರು.

"ಇದೆ ಮೇಷ್ಟ್ರೇ. ಕೊನೇ ಬಾಗಿಲ ಮುಂದೆ ನಿಂತಿದೆ. ಒಳಗಿರೋ ಮೂರು ತಲೆಯವನನ್ನ ಹೊಡೆದ್ರೆ ಆಟ ಮುಗೀತು. ಅಷ್ಟರಲ್ಲಿ..."

"ಅವನನ್ನ ನಾನು ಹೊಡೀಬೇಕು."

ಫುಟ್‌ಬಾಲ್ ಆಡುತ್ತಿದ್ದ ರಾಡಿಂಗ್ ತಿರುಗಿ ನೋಡಿ ಹಲ್ಲು ಬಿಟ್ಟ. "ಮೇಷ್ಟ್ರೇ, ಅದಕ್ಕೆ ಬ್ರೇಕು ಕ್ಲಚ್ಚು ಇರಲ್ಲ ಕಣ್ರೀ!"

"ಮುಚ್ಕೊಂಡು ಆಡೋ. ಲೈಸೆನ್ಸ್ ಪರೀಕ್ಷೇಲಿ ಮೂರು ಸಲ ಡುಮ್ಕಿ ಹೊಡೆದೋನು ನೀನು," ಎಂದೆ.

ಒಂದು ಗಂಟೆ ಕೊಡಿ, ನಿಮ್ಮ ಕಣ್ಣೆದುರಿಗೇ ನಾನು ಅವನನ್ನು ಹೊಡೆದು ಕೊಡುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು.

"ನೀನು ಹೊಡೆದ್ರೆ ಅದು ನಿನ್ನದಾಯ್ತು. ಸತ್ತವರು ಅರ್ಧಕ್ಕೆ ಬಿಟ್ಟಿದ್ದನ್ನ ಮನೆಯವರೇ ಮುಗಿಸ್ಬೇಕು. ಊರಲ್ಲಿ ಏನು ಮಾಡಿದ್ರು ಗೊತ್ತಲ್ಲ. ಮದುವೆಯಾಗದ ಹುಡುಗಿ ಅಂತ ಹಿರಿಯರು ಮನೆ ಬೇಲಿಯಿಂದ ಆಚೆ ಮಣ್ಣು ಮಾಡಿಸಿದ್ರು. ನಾನು ಬಾಯಿ ಬಿಡಲಿಲ್ಲ. ಅವಳದು ಅಂತ ಯಾರೂ ಆಚೆ ಹಾಕದೆ ಉಳಿದಿರೋದು ಇದೊಂದೇ."

ಪ್ಯಾಡು ಒರೆಸಿ ಕೈಗೆ ಕೊಟ್ಟೆ. ಆದರೆ ನನ್ನ ಬುದ್ಧಿವಂತಿಕೆ ಸುಮ್ಮನಿರಬೇಕಲ್ಲ. "ಅವಳದನ್ನ ಈಗಲೇ ತೆಗೆಯೋದು ಬೇಡ ಮೇಷ್ಟ್ರೇ. ಕೈ ಪಳಗದೇ ಅಲ್ಲಿಗೆ ಹೋದ್ರೆ ಒಂದೇ ಏಟಿಗೆ ಬೀಳ್ತೀರಿ, ಅವಳು ಕೂಡಿಟ್ಟಿದ್ದೆಲ್ಲ ಹಾಳಾಗುತ್ತೆ. ಮೊದಲು ನಿಮ್ಮದೇ ಒಂದು ಪಾತ್ರ ಶುರು ಮಾಡಿ. ತಯಾರಾದ್ಮೇಲೆ ಅವಳದು," ಎಂದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಒಪ್ಪಿಕೊಂಡರು. ಇನ್ನೊಬ್ಬರಿಗೆ ಕಲಿಸಿ ಬದುಕಿದವರು ಕಲಿಸುವವರ ಮಾತು ಮೀರುವುದಿಲ್ಲ.

ಆಟ ಹೆಸರು ಕೇಳಿತು. "ಅಬೊನ್ಯೊ ಅಂತ ಬರಿ," ಎಂದರು. ಅದು ಅವರ ತಾಯಿಯ ಹೆಸರು.

"ಅಪೊಂಡಿ ಆಗಲೇ ಅದೇ ಹೆಸರಿಟ್ಟಿದ್ದಾಳೆ ಮೇಷ್ಟ್ರೇ. ಅಜ್ಜಿ ಹೆಸರು ಅಂತಿದ್ಲು. ಬೇರೆ ಯಾವುದಾದ್ರೂ ಹೇಳಿ."

ಅವರು ಪ್ಯಾಡನ್ನು ಮಡಿಲಿಗೆ ಇಳಿಸಿದರು. ಮಗಳು ಯಾವ ಹೆಸರಿಟ್ಟಿದ್ದಳೆಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ, "ನಮ್ಮ ಮನೇಲಿ ಆ ಹೆಸರಿನವರು ನಾಲ್ಕು ಜನ ಇದ್ದಾರೆ. ಕೂಗಿದ್ರೆ ಯಾರು ಬರಬೇಕೋ ಅವರೇ ಬರ್ತಾರೆ. ಬರಿ," ಎಂದರು.

ನಾನೂ ಮೇಷ್ಟ್ರ ಹಾಗೆ ಲುವೊ ಬುಡಕಟ್ಟಿನವಳೇ. ಸತ್ತ ಹಿರಿಯರ ಹೆಸರನ್ನು ಇಡುತ್ತೇನೆ ಎಂದವರಿಗೆ ಬೇಡ ಎನ್ನುವ ನಾಲಿಗೆ ನನಗಿಲ್ಲ. ಬರೆದೆ. ಪೆಟ್ಟಿಗೆಯಲ್ಲಿ ಇಬ್ಬರು ಅಬೊನ್ಯೊ ಆದರು, ಒಂದರ ಕೆಳಗೆ ಒಂದು. ಮೇಲಿನದು ಎಪ್ಪತ್ತೊಂದನೇ ಲೆವೆಲ್ಲು, ಕೆಳಗಿನದು ಒಂದನೆಯದು.

ಹೊಸಬರಿಗೆ ಹೇಳುವುದನ್ನೆಲ್ಲ ಅವರಿಗೂ ಹೇಳಿದೆ. ಎದುರಿನವನ ಕತ್ತಿ ನೋಡಬೇಡಿ, ಭುಜ ನೋಡಿ. ಭುಜ ಎದ್ದಾಗ ಪಕ್ಕಕ್ಕೆ ಉರುಳಿ. ಒಂದು ಏಟು ಬಿತ್ತೆಂದು ಎರಡನೆಯದಕ್ಕೆ ಆಸೆ ಪಡಬೇಡಿ, ಆತುರಗಾರನಿಗೆ ಬುದ್ಧಿ ಮಟ್ಟ. ಔಷಧಿ ಸೀಸೆ ಕೊಟ್ಟಿರುವುದು ಕುಡಿಯುವುದಕ್ಕೆ, ಚೀಲದಲ್ಲಿ ಪೂಜೆ ಮಾಡುವುದಕ್ಕಲ್ಲ. ಲೆವೆಲ್ ಏರಿದಾಗ ಸಿಗುವ ಅಂಕಗಳನ್ನು ಎಲ್ಲದಕ್ಕೂ ಚೂರುಚೂರು ಹಂಚಿದರೆ ಯಾವುದಕ್ಕೂ ಸಾಲುವುದಿಲ್ಲ. ಮೊದಲು ಜೀವಕ್ಕೆ ಹಾಕಿ, ಆಮೇಲೆ ತೋಳಿಗೆ. ಸೇತುವೆಯ ಮೇಲೆ ನಿಂತಿರುವ ದೈತ್ಯ ಹೊಸಬರಿಗಲ್ಲ, ಅವನನ್ನು ಸುತ್ತಿ ಬಳಸಿ ಹೋಗಿ, ಅದರಲ್ಲಿ ಅವಮಾನವೇನೂ ಇಲ್ಲ.

ಮೇಷ್ಟ್ರು ಪ್ರತಿ ಶನಿವಾರ ಬಂದರು. ಪ್ಯಾಡನ್ನು ಸ್ಟೀರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವರು. ಕಾಡಿನ ದಾರಿಯಲ್ಲೂ ಎಡಗಡೆಯೇ ನಡೆಯುವರು. ದಾರಿ ಕವಲೊಡೆದಲ್ಲಿ ನಿಂತು ಬಲಕ್ಕೂ ಎಡಕ್ಕೂ ನೋಡುವರು, ಅಷ್ಟರಲ್ಲಿ ತೋಳ ಬಂದು ಕಾಲು ಕಚ್ಚುವುದು.

"ಯಾಕ್ರೀ ನಿಂತ್ರಿ?"

"ತಿರುವು ಮಗಳೇ. ಎದುರಿಂದ ಯಾರಾದ್ರೂ ಬಂದ್ರೆ?"

"ಬಂದ್ರೆ ಹೊಡೀರಿ!"

"ಮೂವತ್ತು ವರ್ಷ, ಯಾರಿಗೂ ಹೊಡೀದೇ ಇರೋದನ್ನೇ ಕಲಿಸಿದೀನಿ," ಎನ್ನುವರು. ಇಡೀ ಅಂಗಡಿ ನಗುವುದು. ರಾಡಿಂಗ್ ತನ್ನ ಫುಟ್‌ಬಾಲ್ ಬಿಟ್ಟು ಬಂದು ಹಿಂದೆ ನಿಂತು, "ಉರುಳಿ ಮೇಷ್ಟ್ರೇ, ಉರುಳಿ, ಇಂಡಿಕೇಟರ್ ಆಮೇಲೆ ಹಾಕಿ!" ಎಂದು ಕಿರುಚುವನು. ಆದರೆ ಜೂನ್ ಬರುವಷ್ಟರಲ್ಲಿ ಅವರ ಅಬೊನ್ಯೊ ಒಂಬತ್ತನೇ ಲೆವೆಲ್ಲಿನ ಹತ್ತಿರ ಬಂದಿದ್ದಳು, ಮೇಷ್ಟ್ರ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. "ಇನ್ನೊಂದು ವಾರ ಮೇಷ್ಟ್ರೇ, ಮುಂದಿನ ಶನಿವಾರ ಅವಳದನ್ನ ತೆಗೆಯೋಣ," ಎಂದು ಮಾತು ಕೊಟ್ಟೆ. ಅವರು ಅಲ್ಲೇ ಲೆಕ್ಕ ಹಾಕಿದರು: ಅವತ್ತಿಗೆ ಮಗಳು ಇದ್ದಿದ್ದರೆ ಇಪ್ಪತ್ತನಾಲ್ಕು ತುಂಬುತ್ತಿತ್ತು.

ಆ ಮಾತು ಕೊಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಮುಂಗಡ ದುಡ್ಡು ಕಟ್ಟಿದಷ್ಟೇ ಓಡುವ ಗೋಡೆಯ ಕರೆಂಟ್ ಮೀಟರು ಕುಂಯ್‌ಗುಟ್ಟತೊಡಗಿತು. ಬೆಳಿಗ್ಗೆಯೇ ದುಡ್ಡು ಹಾಕಬೇಕಿತ್ತು, ಮರೆತಿದ್ದೆ. ಕೆಂಪು ದೀಪ ಬಂದರೆ ನಿಮಿಷದಲ್ಲಿ ಕತ್ತಲೆ. ನಾನು ಬಾಗಿಲ ಹತ್ತಿರ ಒಬ್ಬನಿಗೆ ಚಿಲ್ಲರೆ ಕೊಡುತ್ತಿದ್ದೆ. ಅಷ್ಟು ದಿನವೂ ಮೇಷ್ಟ್ರ ಆಟ ಸೇವ್ ಮಾಡುತ್ತಿದ್ದವಳು ನಾನೇ. ಅವರ ಕೈಯಲ್ಲಿ ಒಂದು ಸಲವೂ ಮಾಡಿಸಿರಲಿಲ್ಲ.

"ಮೇಷ್ಟ್ರೇ, ಸೇವ್ ಮಾಡಿ, ಬೇಗ!" ಎಂದು ಅಲ್ಲಿಂದಲೇ ಕೂಗಿದೆ.

"ಯಾವುದನ್ನ ಒತ್ತಲಿ?"

"ಅಬೊನ್ಯೊ ಅಂತ ಇದೆಯಲ್ಲ, ಅದನ್ನ ಒತ್ತಿ!"

"ಹಳೇದು ಅಳಿಸಿ ಹೋಗುತ್ತೆ ಅಂತಿದೆ. ಹೌದು ಅನ್ಲಾ?"

"ಹೌದು ಅನ್ನಿ, ಹೌದು ಅನ್ನಿ!"

ಅವರು ಒತ್ತಿದರು. ಕರೆಂಟ್ ಹೋಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ. ಫೋನಿನಲ್ಲಿ ದುಡ್ಡು ಕಟ್ಟಿ, ಬಂದ ಇಪ್ಪತ್ತು ಅಂಕಿಗಳನ್ನು ಮೀಟರಿಗೆ ಒತ್ತಿ, ಟಿ.ವಿ. ಹಾಕಿದೆ. ಸಾಲುಗಳು ಬಂದವು. ಅಪೊಂಡಿಯ ಸಾಲಿದ್ದಲ್ಲಿ ಅಬೊನ್ಯೊ, ಲೆವೆಲ್ ಒಂಬತ್ತು. ಅದರ ಕೆಳಗೆ ಅಬೊನ್ಯೊ, ಲೆವೆಲ್ ಎಂಟು. ಎಪ್ಪತ್ತೊಂದು ಎನ್ನುವ ಅಂಕಿ ಎಲ್ಲೂ ಇರಲಿಲ್ಲ.

"ಉಳೀತಾ ಮಗಳೇ?" ಎಂದರು ಮೇಷ್ಟ್ರು.

"ಉಳೀತು," ಎಂದೆ. ದೇವರಾಣೆಗೂ ಹೀಗೆಯೇ ಹೇಳಿದೆ. ಅವರು ನೆಮ್ಮದಿಯಾಗಿ ಟೋಪಿ ಹಾಕಿಕೊಂಡು ಹೋದರು.

ಆ ವಾರ ಅಳಿಸಿದ್ದನ್ನು ಮತ್ತೆ ತೆಗೆಯುವ ದಾರಿ ಇದೆಯೇ ಎಂದು ಗೊತ್ತಿದ್ದವರನ್ನೆಲ್ಲ ಕೇಳಿದೆ. ನೆಟ್‌ನಲ್ಲಿ ಒಂದು ನಕಲು ಇಟ್ಟಿದ್ದೀಯಾ ಎಂದರು, ಇಲ್ಲ. ಹಾಗಾದರೆ ಮರೆತುಬಿಡು ಎಂದರು. ರಾಡಿಂಗ್, "ಅಕ್ಕಾ, ನಾವೆಲ್ಲ ಪಾಳಿ ಮೇಲೆ ಕೂತು ಆಡಿ ಎಪ್ಪತ್ತೊಂದಕ್ಕೆ ತಂದಿಡೋಣ. ಅವರಿಗೇನು ಗೊತ್ತಾಗುತ್ತೆ?" ಎಂದ. ಪಾಪದವನು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಎಲ್ಲಿಂದ ಬಂತೋ ಸಿಟ್ಟು, ಅವನನ್ನು ಅಂಗಡಿಯಿಂದಲೇ ಆಚೆಗೆ ಅಟ್ಟಿದೆ. ಆಮೇಲೆ ಅಪೊಂಡಿಯ ಗೆಳತಿಯರಿಗೆಲ್ಲ ಫೋನು ಮಾಡಿ, ಅವಳ ಅಬೊನ್ಯೊಳ ಒಂದು ಫೋಟೊ ಆದರೂ ಯಾರ ಬಳಿಯಾದರೂ ಇದೆಯೇ ಎಂದು ಬೇಡಿದೆ. ಶುಕ್ರವಾರ ಸಂಜೆ ಒಬ್ಬಳು ಒಂದನ್ನು ಕಳಿಸಿದಳು. ಪ್ರಿಂಟ್ ಹಾಕಿಸಿ ಇಟ್ಟುಕೊಂಡೆ.

ಶನಿವಾರ ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಪೊಟ್ಟಣದಲ್ಲಿ ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿ ತಂದು ಎಲ್ಲರಿಗೂ ಹಂಚಿದರು. "ಇವತ್ತು ಅವಳ ಹುಟ್ಟಿದ ದಿನ," ಎಂದು ಫುಟ್‌ಬಾಲಿನವರಿಗೂ ಹೇಳಿದರು. ಮೂಲೆಗೆ ಹೋಗಿ ಕುಳಿತು ಕನ್ನಡಕ ಒರೆಸಿಕೊಂಡು, "ಸರಿ, ತೆಗಿ ಮಗಳೇ. ತಯಾರಾಗಿದೀನಿ," ಎಂದರು.

ನಾನು ಅವರ ಪಕ್ಕದಲ್ಲಿ ಕುಳಿತು ಹೇಳಿದೆ. ಎಲ್ಲವನ್ನೂ ಹೇಳಿದೆ. ಕೂಗಿದವಳು ನಾನು, ಹೌದು ಅನ್ನಿ ಎಂದವಳು ನಾನು, ಉಳಿಯಿತು ಎಂದು ಸುಳ್ಳು ಹೇಳಿದವಳೂ ನಾನು. ಒತ್ತಿದ್ದು ಅವರ ಹೆಬ್ಬೆರಳು ಎಂಬುದನ್ನು ಮಾತ್ರ ನಾನು ಹೇಳಬೇಕಾಗಿರಲಿಲ್ಲ. ಅವರು ಆ ಹೆಬ್ಬೆರಳನ್ನೇ ನೋಡುತ್ತಾ ಕುಳಿತಿದ್ದರು.

"ಒಂದು ಸಲ ತೋರಿಸಬಾರದಿತ್ತಾ?" ಎಂದರು. "ಆಡೋದು ಬೇಡ. ಸುಮ್ನೆ ತೆಗೆದು, ನೋಡಿ ಮೇಷ್ಟ್ರೇ, ಹೀಗಿದ್ದಾಳೆ ಅಂತ."

ಮೂರು ತಿಂಗಳು ಅವರು ನನ್ನೆದುರಿಗೇ, ಅವಳಿಂದ ಒಂದು ಗುಂಡಿ ಒತ್ತುವಷ್ಟು ದೂರದಲ್ಲಿ ಕುಳಿತಿದ್ದರು.

"ನಿನ್ನನ್ನ ಬೈಯೋಕೆ ನನಗೇನು ಹಕ್ಕಿದೆ," ಎಂದರು ಅವರೇ. "ಅವಳು ಗಾಡಿ ಕಲಿಸಪ್ಪ ಅಂತ ಎಷ್ಟು ಸಲ ಕೇಳಿದ್ಲು. ಮೊದಲು ಹುಷಾರಾಗು, ಆಮೇಲೆ ನೋಡೋಣ ಅಂದೆ. ಊರಿಗೆಲ್ಲ ಕಲಿಸಿದೆ, ಅವಳ ಕೈಗೆ ಒಂದಿನ ಸ್ಟೀರಿಂಗ್ ಕೊಡಲಿಲ್ಲ."

ಅವರ ಭುಜ ಅದುರುತ್ತಿತ್ತು. ಎಂಥ ಭುಜ ಎದ್ದರೂ ಏನು ಮಾಡಬೇಕೆಂದು ಊರಿಗೆಲ್ಲ ಹೇಳಿಕೊಡುವ ನನಗೆ, ಅಲ್ಲಿ ಕೈ ಇಡಬೇಕೋ ಬೇಡವೋ ತಿಳಿಯಲಿಲ್ಲ. ಫೋಟೊ ತೆಗೆದು ಅವರ ಮಡಿಲಲ್ಲಿ ಇಟ್ಟೆ.

ಅದೂ ಚೆನ್ನಾಗಿ ಬಂದಿರಲಿಲ್ಲ. ಮೂವರು ಹುಡುಗಿಯರು ಪ್ಯಾಡು ಹಿಡಿದು ಕ್ಯಾಮೆರಾ ಕಡೆ ತಿರುಗಿದ್ದರು, ಅವರ ಹಿಂದೆ ಟಿ.ವಿ. ಅಬೊನ್ಯೊಳ ಅರ್ಧ ಮೈ ಅಪೊಂಡಿಯ ತಲೆಗೆ ಮರೆಯಾಗಿತ್ತು. ಒಂದು ತೋಳು, ಕೆಂಪು ಬಟ್ಟೆಯ ತುದಿ, ಕತ್ತಿಯ ಹಿಡಿ ಇಷ್ಟೇ ಕಾಣುತ್ತಿದ್ದುದು. ನಾನು ಬೆರಳಿಟ್ಟು, "ಇವಳೇ ಮೇಷ್ಟ್ರೇ, ಇಲ್ಲಿ ನೋಡಿ," ಎಂದೆ.

ಅವರು ನನ್ನ ಬೆರಳಿನ ಕಡೆ ನೋಡಲಿಲ್ಲ. ಮುಂದೆ, ಬಾಯಿ ತುಂಬ ನಗುತ್ತಾ ಹಿಂದಕ್ಕೆ ವಾಲಿದ್ದ ಮಗಳನ್ನೇ ನೋಡುತ್ತಿದ್ದರು.

"ಇವಳು ಹೀಗೆ ನಗ್ತಿದ್ಲಾ?" ಎಂದು ಕೇಳಿದರು.

"ದಿನಾ ಮೇಷ್ಟ್ರೇ. ಆ ಬಾಗಿಲು ದಾಟಿ ಒಳಗೆ ಬಂದ್ರೆ ಸಾಕು, ನಗುನೇ," ಎಂದೆ. ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಅವರು ಹೆಬ್ಬೆರಳಿನಿಂದ ಆ ಬಾಯನ್ನು ಮೆಲ್ಲಗೆ ಸವರಿದರು.

"ನಮ್ಮನೇಲಿ ನಗ್ತಿರ್ಲಿಲ್ಲ," ಎಂದರು.