ಹದಿಮೂರನೆಯ ಅಧ್ಯಾಯದ ಪ್ರೂಫು

ತನ್ನ ಹೆಸರಿನ ಅಚ್ಚಿನ ಮೊಳೆಗಳನ್ನು ತಾನೇ ಆರಿಸಿ ಜೋಡಿಸಿದ ಮೇಲೆ ನಬೀಸಾಬನ ಕೈ ನಿಂತುಬಿಟ್ಟಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಸ್ತಪ್ರತಿಯನ್ನು ಮತ್ತೊಮ್ಮೆ ಓದಿದ. ‘ಎಡದೊಡೆಗೆ ಗುಂಡು ತಗುಲಿದ್ದ ನನ್ನ ಆರ್ಡರ್ಲಿ ನಬೀಸಾಬ, “ಸಾಹೇಬರೇ, ನನ್ನ ಚಿಂತೆ ಬಿಡಿರಿ, ದೇಶಕ್ಕೆ ನೀವು ಬೇಕು, ನಡೆಯಿರಿ” ಎಂದ. ನನ್ನ ತೊಡೆಯ ಮೇಲೆ ತಲೆಯಿಟ್ಟು, ನದಿಯ ಕಡೆ ನೋಡುತ್ತ, ಆ ವೀರ ಅಲ್ಲೇ ಪ್ರಾಣ ಬಿಟ್ಟ.’

“ಯಾ ಅಲ್ಲಾ!” ಎಂದ. ಗ್ರಾಂಟ್ ರೋಡಿನ ಆ ಗಲ್ಲಿಯ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಅದೆಷ್ಟೋ ಮಂದಿಯ ಶ್ರಾದ್ಧದ ಕಾರ್ಡು ಜೋಡಿಸಿದ್ದಾನೆ. ತನ್ನ ಸಾವಿನ ಪಾಳಿಯೂ ತನ್ನ ಕೈಗೇ ಬರಬೇಕೆ?

ಪುಸ್ತಕ ಮಾಜಿ ಮಂತ್ರಿ ಅಪ್ಪಾಸಾಹೇಬ ನಿಂಬಾಳರದು. ಎಪ್ಪತ್ತೆರಡರ ಗಣೇಶ ಚೌತಿಯ ಹೊತ್ತಿಗೆ ಮೊದಲ ಅಧ್ಯಾಯ ಬಂದಿತ್ತು. ಹುಟ್ಟಿದ ಊರು, ಧಾರವಾಡದ ಶಾಲೆ, ಕೆರೆಗೆ ಈಜಲು ಓಡಿಹೋಗಿ ಹೆಡ್‌ಮಾಸ್ತರರಿಂದ ತಿಂದ ಛಡಿಯೇಟು, ಆಮೇಲೆ ಪಲ್ಟನ್ನು, ಆಮೇಲೆ ಬರ್ಮಾ. ಇದು ಪಲ್ಟನ್ನಿನ ತನ್ನ ಕ್ಯಾಪ್ಟನ್ನನ ಪುಸ್ತಕವೆಂದು ನಬೀಸಾಬನಿಗೆ ಮೊದಲ ಪುಟದಲ್ಲೇ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು? ಜೋಗೇಶ್ವರಿಯ ಚಾಳಿನಲ್ಲಿ ಒಂದು ಖೋಲಿ, ಒಂದು ಸ್ಟೋವ್, ಬೀಗ. ಅಧ್ಯಾಯ ಬಂದಾಗಲೆಲ್ಲ ತನ್ನ ಹೆಸರಿಗಾಗಿ ಹುಡುಕುತ್ತಿದ್ದ. ನಬೀಸಾಬ ಎನ್ನುವ ಒಬ್ಬ ಮನುಷ್ಯ ನನ್ನ ಜೊತೆಗಿದ್ದ ಎಂದು ಆ ಮನುಷ್ಯ ಒಂದು ಸಾಲು ಬರೆದರೆ ಸಾಕಿತ್ತು. ಬರೆದಿದ್ದ, ಆದರೆ ಕೊಂದು ಬರೆದಿದ್ದ.

ಮಂತ್ರಿಯಾಗಿದ್ದಾಗ ಯಾಕೆ ಹೋಗಿ ಕಾಣಲಿಲ್ಲ ಎಂದರೆ, ಮಂತ್ರಿಯ ಬಾಗಿಲಿಗೆ ಹೋದವರೆಲ್ಲ ಬೇಡಲಿಕ್ಕೆ ಹೋದವರೇ. ಅವನಿಗೆ ಬೇಡುವುದೇನೂ ಇರಲಿಲ್ಲ.

ಮತ್ತೆ, ದೇಶವಂತೆ! ಇಂಗ್ಲಿಷರ ಪಲ್ಟನ್ನಿನಲ್ಲಿ ಯಾರ ದೇಶ, ಎಲ್ಲಿಯ ದೇಶ? ನಡೆದದ್ದು ಇಷ್ಟೇ. ದಂಡೆಯಲ್ಲಿ ಒಂದೇ ದೋಣಿ ಉಳಿದಿತ್ತು. “ಇಲ್ಲೇ ಇರು, ಸ್ಟ್ರೆಚರ್ ಕಳಸ್ತೇನಿ” ಎಂದು ಕ್ಯಾಪ್ಟನ್ ಎದ್ದ. ನಬೀಸಾಬ ಅವನ ಬೂಟು ಹಿಡಿದುಕೊಂಡು, “ಬಿಟ್ಟು ಹೋಗಬ್ಯಾಡ್ರಿ ಸಾಹೇಬ್ರ” ಎಂದ. ಸ್ಟ್ರೆಚರ್ ಬರಲಿಲ್ಲ, ಜಪಾನಿಗಳು ಬಂದರು. ಮೂರು ವರ್ಷದ ಸೆರೆ ಮುಗಿಸಿ ತಾಳಿಕೋಟಿಗೆ ಬಂದರೆ, ‘ನಿಮ್ಮ ಮಗ ಸತ್ತ’ ಎಂಬ ಪಲ್ಟನ್ನಿನ ತಾರು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ಚಾಂದಬಿ ತಾರು ಬಂದ ವರ್ಷವೇ ಮಣ್ಣಿಗೆ ಹೋಗಿದ್ದಳು. ಮದುವೆಯ ಮಾತಾಗಿದ್ದ ನಜಮುನ್ನೀಸಾ ಬೇರೊಬ್ಬರ ಮನೆಯಲ್ಲಿ ಬಾಣಂತಿ. ಎರಡೇ ದಿನ ಇದ್ದು ಮುಂಬಯಿ ರೈಲು ಹತ್ತಿದ್ದ.

“ಎಂತ ನಬೀಸಾಬ್ರೇ, ಒಂದು ಪೇಜಿಗೆ ಇಡೀ ಮಧ್ಯಾಹ್ನವಾ?” ಪ್ರೆಸ್ಸಿನ ಯಜಮಾನ ಸದಾನಂದ ಕೂತಲ್ಲಿಂದಲೇ ಕೂಗಿದ. ಕಂಪೋಜಿಟರನ ಧರ್ಮದ ಬಗ್ಗೆ ಅವನದೊಂದು ಮಾತಿತ್ತು: ಹಸ್ತಪ್ರತಿಯಲ್ಲಿ ನೊಣ ಸತ್ತು ಬಿದ್ದಿದ್ದರೆ ನೊಣವನ್ನೂ ಜೋಡಿಸಬೇಕು, ತಲೆ ಓಡಿಸಬಾರದು. ಅಷ್ಟು ವರ್ಷದಲ್ಲಿ ನಬೀಸಾಬ ಒಂದು ಅಕ್ಷರವನ್ನೂ ಸ್ವಂತ ಬುದ್ಧಿಯಿಂದ ಬದಲಿಸಿದವನಲ್ಲ. ಅವತ್ತು ಬದಲಿಸಿದ. ಸಾವಿನ ವಾಕ್ಯವನ್ನು ಮುಟ್ಟಲಿಲ್ಲ; ಬಾಯಿಗೆ ತುರುಕಿದ್ದ ಮಾತನ್ನಷ್ಟೇ ತೆಗೆದು, ತಾನು ನಿಜವಾಗಿ ಆಡಿದ್ದನ್ನು ಜೋಡಿಸಿದ.

“ಪ್ರೂಫ್ ನಾನ ಒಯ್ದು ಓದಿ ಹೇಳ್ತೀನ್ರಿ,” ಎಂದ. ಅಪ್ಪಾಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು. ಪ್ರತಿ ಪ್ರೂಫನ್ನೂ ಸದಾನಂದನೇ ಹೋಗಿ ಓದಿ ಹೇಳುತ್ತಿದ್ದ.

“ಹೋಗಿ ಮಾರಾಯ್ರೆ, ಪುಣ್ಯ ಬರ್ತದೆ. ಆ ಮೂರು ಮಾಳಿಗೆ ಹತ್ತಿ ಹತ್ತಿ ನಂಗೆ ಸಾಕಾಗಿದೆ.”

ಅಡುಗೆಯ ವಸಂತಿ ಬಾಗಿಲು ತೆರೆದಳು. ದೊಡ್ಡ ಹಜಾರ. ಗೋಡೆಯ ತುಂಬ ಅಪ್ಪಾಸಾಹೇಬರು ಹಾರ ಹಾಕಿಸಿಕೊಂಡ ಫೋಟೋಗಳು. ಮೂಲೆಯ ಟೆಲಿಫೋನಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿತ್ತು, ಬಟ್ಟೆಯ ಮೇಲೆ ಧೂಳು. ಆರಾಮ ಕುರ್ಚಿಯಲ್ಲಿದ್ದ ಮುದುಕ ಕಿವಿಯನ್ನು ಇತ್ತ ತಿರುಗಿಸಿದ.

“ಸದಾನಂದ ಬರಲಿಲ್ಲೇನು?”

“ಇಲ್ರಿ. ನಾ ಕಂಪೋಜಿಟರ್ ರಿ.”

“ಬಾ, ಕುಂದರಪಾ. ಬರ್ಮಾದ ಅಧ್ಯಾಯ ಹೌದಲ್ಲೋ? ನಿಧಾನ ಓದು. ನಬೀಸಾಬನ ಸಾವು ಬಂದ್ರ ನನಗ ಇವತ್ತಿಗೂ ಕಣ್ಣಾಗ ನೀರು ಬರ್ತಾವ. ಎಲೆಕ್ಷನ್ ಭಾಷಣದಾಗ ಹೇಳಿದ್ರ ಹೆಣ್ಣಮಕ್ಕಳು ಗೊಳೋ ಅಂತ ಅಳ್ತಿದ್ರು. ಈಗ ಯಾರು ಕೇಳ್ತಾರ? ಮಂದಿ ಬರೂದ ಬಿಟ್ಟಾರ.”

ನಬೀಸಾಬ ಓದತೊಡಗಿದ. ಕಾಡು, ಮಳೆ, ಸತ್ತ ಹೇಸರಗತ್ತೆಗಳು, ಎಲ್ಲ ಸರಿಯಾಗಿಯೇ ಇತ್ತು. ನದಿ ಬಂತು. ಗುಂಡು ತಗುಲಿತು. ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ: “ನನ್ನ ಆರ್ಡರ್ಲಿ ನಬೀಸಾಬ, ‘ಬಿಟ್ಟು ಹೋಗಬ್ಯಾಡ್ರಿ ಸಾಹೇಬ್ರ’ ಎಂದ.”

“ಏನಂದಿ?”

ಮತ್ತೊಮ್ಮೆ ಓದಿದ.

“ನಾ ಬರದದ್ದು ಅದಲ್ಲ.”

“ಅಲ್ರಿ.”

“ಮತ್ತ ಯಾರು ಹೇಳಿದ್ರು ನಿನಗ?”

ಇಪ್ಪತ್ತಾರು ವರ್ಷ ಲೋಕಲ್ ರೈಲಿನಲ್ಲಿ ನೇತಾಡುತ್ತ ಅವನು ಈ ಮನುಷ್ಯನಿಗೆ ಮನಸ್ಸಿನೊಳಗೇ ಬೈದ ಬೈಗುಳಕ್ಕೆ ಲೆಕ್ಕವಿರಲಿಲ್ಲ. ಈಗ ಒಂದೂ ಬಾಯಿಗೆ ಬರಲಿಲ್ಲ. “ಯಾರೂ ಹೇಳಿಲ್ರಿ,” ಎಂದ.

ಮುದುಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

“ಒಳಗ ಬರಬೇಕಾದ್ರ ನೀ ಒಂದು ಕಾಲು ಎಳಕೋಂತ ಬಂದಿ. ಯಾವ ಕಾಲು?”

“ಎಡಗಾಲ್ರಿ.”

ವಸಂತಿ ಚಹಾ ತಂದಿಟ್ಟು ಹೋದಳು. ಮುದುಕ ಕಪ್ಪನ್ನು ಪಕ್ಕಕ್ಕೆ ಸರಿಸಿದ. “ದೋಣಿ ಒಂದ ಇತ್ತು,” ಎಂದ, ಮಗು ತಪ್ಪು ಒಪ್ಪಿಸುವ ದನಿಯಲ್ಲಿ.

“ಹೌದ್ರಿ. ಒಂದ ಇತ್ತು.”

“ನಿಮ್ಮವ್ವ?”

“ತಾರು ಮುಟ್ಟಿದ ವರ್ಷನ ತೀರಿಕೊಂಡ್ಲರಿ.”

ನಬೀಸಾಬನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕನಿಕರವೂ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಎದ್ದು ಹೋಗಿಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ಮುದುಕ ಕೈ ಚಾಚಿದ. “ಪೆನ್ ಕೊಡು. ಅಂವ ಪ್ರಾಣ ಬಿಟ್ಟ ಅನ್ನೋ ವಾಕ್ಯ ಎಲ್ಲೈತಿ? ಅದರ ಮ್ಯಾಲೆ ನನ್ನ ಬೆರಳಿಡು.”

ಆ ಒಣ ಬೆರಳನ್ನು ಹಿಡಿದು ಕಾಗದದ ಮೇಲಿಟ್ಟ. ಪಲ್ಟನ್ನಿನಲ್ಲಿ ಈ ಕೈಗೆ ದಿನಾ ಬೆಳಿಗ್ಗೆ ಬಿಸಿನೀರು ಹಾಕಿದ್ದ. ಮುದುಕ ಬಗ್ಗಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ಏನೋ ಗೀಚಿದ, ಏನೋ ಬರೆದ. ನಬೀಸಾಬ ನೋಡಲಿಲ್ಲ, ಮುಖ ತಿರುಗಿಸಿಕೊಂಡಿದ್ದ. ಸತ್ತಾಂವ ಸತ್ತಾಂವನ ಇರ್ಲಿ ಅಂತ ಬರೆದಿರಬೇಕು, ದೊಡ್ಡವರಲ್ಲವೇ ಎಂದುಕೊಂಡ. ಮುದುಕ ಕಾಗದವನ್ನು ನಾಲ್ಕಾಗಿ ಮಡಚಿ ಕೊಟ್ಟ.

“ಹಂಗ ಛಾಪಿಸು. ಮುಂದಿನ ಪ್ರೂಫನ್ನೂ ನೀನ ತಗೊಂಡು ಬಾ.”

ನಬೀಸಾಬ ಕಾಗದವನ್ನು ಜೇಬಿಗಿಟ್ಟುಕೊಂಡು ಎದ್ದ. ಮೆಟ್ಟಿಲಿಳಿಯುವಾಗ ತಾನು ಚಹಾ ಕುಡಿಯಲಿಲ್ಲ ಎಂದು ನೆನಪಾಯಿತು.

ಪ್ರೆಸ್ಸಿಗೆ ಬಂದು ಕಾಗದ ಬಿಚ್ಚಿದ. ಅವನ ಮಾತು ಇದ್ದ ಹಾಗೇ ಇತ್ತು. ಅದರ ಮುಂದೆ ಅವನು ಸತ್ತ ವಾಕ್ಯದ ಮೇಲೆ ಅಡ್ಡಾದಿಡ್ಡಿ ಗೀಟುಗಳು. ಅಂಚಿನಲ್ಲಿ, ಸ್ಲೇಟು ಹಿಡಿದ ಮಕ್ಕಳು ಬರೆಯುವಂಥ ದೊಡ್ಡ ಅಕ್ಷರ: ‘ನಾನು ಬಿಟ್ಟು ಬಂದೆ.’

“ಹೋ, ಇದೆಂತ ಹೊಸ ಬದಲಾವಣೆ?” ಸದಾನಂದ ಹೆಗಲ ಮೇಲಿಂದ ಇಣುಕಿದ. “ಎಷ್ಟು ಚಂದದ ಸಾವು ಇತ್ತು ಅಲ್ಲಿ!”

“ಸಾಹೇಬ್ರ ಬರದಾರ್ರಿ,” ಎಂದ ನಬೀಸಾಬ.

ಹಳೆಯ ವಾಕ್ಯದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಮೊಳೆಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕಿದ. ಹೊಸದನ್ನು ಜೋಡಿಸಿದ. ಅದು ತೀರ ಸಣ್ಣದು, ಅರ್ಧ ಸಾಲನ್ನೂ ತುಂಬಲಿಲ್ಲ. ಹಾಗೇ ಬಿಟ್ಟರೆ ಇಡೀ ಪುಟ ಸಡಿಲಾಗುತ್ತದೆ. ಅಚ್ಚಾಗದ, ಮುಖವಿಲ್ಲದ ಸೀಸದ ತುಂಡುಗಳನ್ನು ಡಬ್ಬಿಯಿಂದ ಆರಿಸಿ, ಉಳಿದ ಜಾಗಕ್ಕೆ ಒಂದರ ಪಕ್ಕ ಒಂದು ಇಡುತ್ತ ಹೋದ. ಕೊನೆಗೆ ಹೆಬ್ಬೆರಳಿನಿಂದ ಸಾಲನ್ನು ಒತ್ತಿ ನೋಡಿದ. ಅಲುಗಲಿಲ್ಲ.